ಪಂಚನಾಮೆಯ ನಕಲು

ಲಕ್ಕವಳ್ಳಿಯ ಭದ್ರಾ ಹಿನ್ನೀರಿನಲ್ಲಿ ನನ್ನ ಸೋದರಮಾವ ಮುಳುಗಿ ತೀರಿಕೊಂಡಾಗ, ಬೇಕೆಂದೇ ನೀರಿಗೆ ಬಿದ್ದರೆಂದು ಕೆಲವರು ಆಡಿಕೊಂಡರು. ಅತ್ತೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದರು. ಅದನ್ನು ಓದಿ ಹೇಳಿದವರಿಲ್ಲ. ಮನೆಯಲ್ಲಿ ಕಾಲೇಜು ಕಂಡವನು ನಾನೊಬ್ಬನೇ ಆದುದರಿಂದ ನಕಲು ತರುವ ಹೊಣೆ ನನ್ನ ಮೇಲೆ ಬಿದ್ದಿತು.

ಇಂಗ್ಲೆಂಡಿನಲ್ಲಿ ಇಂಥ ಸಾವನ್ನು ವಿಚಾರಿಸುವವನು ಕರೋನರ್. ಮುಂಬಯಿಯಲ್ಲಿಯೂ 1999ರವರೆಗೆ ಆ ಪದವಿ ಇದ್ದಿತು. ನಮ್ಮಲ್ಲಿ ಪೊಲೀಸರೇ ನೆರೆಹೊರೆಯ ಇಬ್ಬರು ಅಥವಾ ಹೆಚ್ಚು ಮಂದಿ ಗೌರವಸ್ಥರ ಎದುರಿಗೆ ಶವವನ್ನು ನೋಡಿ, ಗಾಯದ ಗುರುತುಗಳನ್ನೂ ಸಾವಿಗೆ ತೋರುವ ಕಾರಣವನ್ನೂ ಬರೆದು ಮ್ಯಾಜಿಸ್ಟ್ರೇಟರಿಗೆ ಕಳುಹಿಸುತ್ತಾರೆ. ಹಿಂದೆ ಇದು ದಂಡ ಪ್ರಕ್ರಿಯಾ ಸಂಹಿತೆಯ 174ನೆಯ ಕಲಮು. 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 194ನೆಯದು.

ನಕಲಿಗೆ 2005ರ ಮಾಹಿತಿ ಹಕ್ಕು ಅಧಿನಿಯಮದಂತೆ ಹತ್ತು ರೂಪಾಯಿ ಶುಲ್ಕದೊಡನೆ ಅರ್ಜಿ ಕೊಡಬೇಕು. ಕಾರಣ ಹೇಳಬೇಕಾಗಿಲ್ಲ, 30 ದಿನದೊಳಗೆ ಉತ್ತರ ಬರಬೇಕು. ತನಿಖೆಗೆ ಅಡ್ಡಿಯಾಗುವುದಾದರೆ ನಿರಾಕರಿಸಬಹುದು. ಆದರೆ ತನಿಖೆ ನಡೆದಿದೆ ಎಂದಷ್ಟೇ ಹೇಳಿದರೆ ಸಾಲದೆಂದು ದೆಹಲಿ ಉಚ್ಚ ನ್ಯಾಯಾಲಯ 2007ರಲ್ಲಿ ತೀರ್ಪಿತ್ತಿದೆ.

ನನ್ನ ಮೊದಲ ಅರ್ಜಿ ಹಿಂದಕ್ಕೆ ಬಂದಿತು. ಕರ್ನಾಟಕದ ನಿಯಮದಂತೆ ಅರ್ಜಿಗೆ ಒಂದೇ ವಿಷಯ, 150 ಪದ. ನಾನೋ ಎರಡು ಪುಟ ಗೋಳು ಬರೆದಿದ್ದೆ! ಎರಡನೆಯದರಲ್ಲಿ ಪಂಚನಾಮೆಯನ್ನೂ ಮರಣೋತ್ತರ ಪರೀಕ್ಷೆಯ ವರದಿಯನ್ನೂ ಮಾತ್ರ ಕೇಳಿದೆ.

ಬಲೆ ಎಳೆಯುವಾಗ ಕಾಲು ಜಾರಿದಂತೆ ತೋರುತ್ತದೆ ಎಂದು ಅದರಲ್ಲಿತ್ತು. ಅತ್ತೆ ಆ ಸಾಲನ್ನು ಮತ್ತೊಮ್ಮೆ ಓದಿಸಿದರು.