ಹಬ್ಬದ ರಜೆ ಮತ್ತು ಮನೆಯ ಅಗ್ನಿ ಸುರಕ್ಷತೆ

ದೀಪಾವಳಿಯಿಂದ ಸಂಕ್ರಾಂತಿಯವರೆಗಿನ ಅವಧಿ ಹಬ್ಬಗಳ ಮತ್ತು ರಜೆಗಳ ಕಾಲ. ಹಣತೆ, ಆಕಾಶಬುಟ್ಟಿ, ಕ್ರಿಸ್‌ಮಸ್ ನಕ್ಷತ್ರದೀಪ, ವಿದ್ಯುದ್ದೀಪಗಳ ಸರ ಮುಂತಾದವು ಮನೆಯನ್ನು ಬೆಳಗುತ್ತವೆ. ಅಡುಗೆಯ ಒಲೆ ಹೆಚ್ಚು ಹೊತ್ತು ಉರಿಯುತ್ತದೆ. ಸ್ನಾನಕ್ಕೆ ಬಿಸಿನೀರಿನ ಬಳಕೆಯೂ ಹೆಚ್ಚುತ್ತದೆ. ಸಂಭ್ರಮದ ಈ ದಿನಗಳಲ್ಲಿಯೇ ಬೆಂಕಿಯ ಬಗೆಗೆ ವಿಶೇಷ ಎಚ್ಚರಿಕೆ ಅಗತ್ಯ.

ಠಾಣೆ ಜಿಲ್ಲೆಯ ವಿಠ್ಠಲವಾಡಿಯು ಮಧ್ಯ ರೈಲ್ವೆಯ ಕಲ್ಯಾಣ್ ಮತ್ತು ಉಲ್ಹಾಸನಗರ ನಿಲ್ದಾಣಗಳ ನಡುವೆ ಇದೆ. ಇಂತಹ ಜನನಿಬಿಡ ಪ್ರದೇಶದ ಚಾಳುಗಳಲ್ಲಿ ಎರಡು ಮನೆಗಳ ನಡುವೆ ಇರುವುದು ಒಂದೇ ಗೋಡೆ. ರಜೆ ಬಂದೊಡನೆ ಅನೇಕ ಕುಟುಂಬಗಳು ಮನೆಗೆ ಬೀಗ ಹಾಕಿ ಊರಿಗೆ ಹೊರಡುತ್ತವೆ. ಬೀಗ ಹಾಕಿದ ಮನೆಯೊಳಗೆ ಬಿದ್ದ ಕಿಡಿಯನ್ನು ಕಾಣುವವರಿರುವುದಿಲ್ಲ. ಹೊಗೆ ಹೊರಗೆ ಬಂದ ಮೇಲೆಯೇ ನೆರೆಯವರಿಗೆ ತಿಳಿಯುವುದು. ಆದುದರಿಂದ ಅಗ್ನಿ ಸುರಕ್ಷತೆ ಒಂದು ಮನೆಯ ವಿಷಯವಲ್ಲ, ಇಡೀ ಚಾಳಿನ ಹೊಣೆ.

ದೀಪಗಳು

ಹಣತೆಯನ್ನು ಪರದೆ, ಕಾಗದದ ತೋರಣ ಮತ್ತು ಹಾಸಿಗೆಯಿಂದ ದೂರವಾಗಿ, ಲೋಹದ ತಟ್ಟೆಯ ಮೇಲೆ ಇಡಬೇಕು. ಕಾಗದದ ಆಕಾಶಬುಟ್ಟಿಯೊಳಗೆ ಮೇಣದಬತ್ತಿಯನ್ನು ಹಚ್ಚದೆ ಕಡಿಮೆ ಶಕ್ತಿಯ ಎಲ್‌ಇಡಿ ಬಲ್ಬನ್ನು ಬಳಸುವುದು ಕ್ಷೇಮ. ಪಟಾಕಿಗಳನ್ನು ಅಡುಗೆಮನೆಯಲ್ಲಿ ಅಥವಾ ದೇವರ ಗೂಡಿನ ಬಳಿಯಲ್ಲಿ ಇಡಬಾರದು.

ವಿದ್ಯುತ್ತು

6 ಆಂಪಿಯರ್ ಸಾಕೆಟ್ಟು 230 ವೋಲ್ಟ್ ಒತ್ತಡದಲ್ಲಿ ತಾಳಬಲ್ಲ ಹೊರೆ ಸುಮಾರು 1,380 ವ್ಯಾಟ್. 2,000 ವ್ಯಾಟಿನ ಗೀಸರ್ ಸುಮಾರು 9 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ಅದಕ್ಕೆ 16 ಆಂಪಿಯರ್ ಸಾಕೆಟ್ಟೇ ಬೇಕು. ಒಂದೇ ಪ್ಲಗ್ಗಿಗೆ ಹಲವು ಉಪಕರಣಗಳನ್ನು ಜೋಡಿಸಿದರೆ ತಂತಿ ಕಾದು ಅದರ ಹೊದಿಕೆ ಕರಗುತ್ತದೆ. ಸುಟ್ಟುಹೋದ ಫ್ಯೂಸಿಗೆ ದಪ್ಪ ತಂತಿಯನ್ನು ಕಟ್ಟುವುದು ಅಪಾಯವನ್ನು ಆಹ್ವಾನಿಸಿದಂತೆಯೇ ಸರಿ. ನೀರು ಕಾಯಿಸುವ ರಾಡನ್ನು ನೀರಿನಲ್ಲಿ ಇಳಿಸಿದ ಬಳಿಕವೇ ಸ್ವಿಚ್ಚು ಹಾಕತಕ್ಕದ್ದು. ಸ್ವಿಚ್ಚು ಆರಿಸಿ, ಪ್ಲಗ್ಗು ತೆಗೆದ ಮೇಲೆಯೇ ನೀರನ್ನು ಮುಟ್ಟತಕ್ಕದ್ದು.

ಅಡುಗೆ ಅನಿಲ

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದ ಅನಿಲ ನೆಲದ ಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಸುಮಾರು ಶೇಕಡಾ 2ರಷ್ಟಾದರೂ ಹೊತ್ತಿಕೊಳ್ಳಲು ಸಾಕು. ಸೋರಿಕೆ ತಿಳಿಯಲೆಂದೇ ಅದಕ್ಕೆ ವಾಸನೆಯ ದ್ರವ್ಯವನ್ನು ಬೆರೆಸಿರುತ್ತಾರೆ. ವಾಸನೆ ಬಂದಾಗ ಯಾವ ಸ್ವಿಚ್ಚನ್ನೂ ಹಾಕಬಾರದು, ಆರಿಸಲೂಬಾರದು. ಎರಡರಿಂದಲೂ ಕಿಡಿ ಹುಟ್ಟಬಹುದು. ಉರಿಯುತ್ತಿರುವ ದೀಪ, ಒಲೆಗಳನ್ನು ನಂದಿಸಿ, ರೆಗ್ಯುಲೇಟರನ್ನು ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು ಎಲ್ಲರೂ ಹೊರಗೆ ಬರಬೇಕು. ಬಳಿಕ 1906 ಸಂಖ್ಯೆಗೆ ತಿಳಿಸಬೇಕು.

ಕರಿಯುವಾಗ ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಹಾಕಲೇಬಾರದು. ನೀರು ಎಣ್ಣೆಯ ಅಡಿಗೆ ಇಳಿದು, ಒಮ್ಮೆಲೇ ಆವಿಯಾಗಿ, ಉರಿಯುವ ಎಣ್ಣೆಯನ್ನು ಸುತ್ತಲೂ ಎರಚುತ್ತದೆ. ಒಲೆಯನ್ನು ಆರಿಸಿ, ಬಾಣಲೆಯ ಮೇಲೆ ಲೋಹದ ಮುಚ್ಚಳವನ್ನು ಮುಚ್ಚಿದರೆ ಗಾಳಿ ಸಿಗದೆ ಬೆಂಕಿ ನಂದುತ್ತದೆ.

ಹೊರದಾರಿ

2017ರ ಡಿಸೆಂಬರ್ 29ರ ನಡುರಾತ್ರಿಯ ಬಳಿಕ ಮುಂಬಯಿಯ ಕಮಲಾ ಮಿಲ್ಸ್ ಆವರಣದ ಉಪಾಹಾರಗೃಹಗಳಲ್ಲಿ ಸಂಭವಿಸಿದ ಅಗ್ನಿ ದುರಂತದಲ್ಲಿ 14 ಮಂದಿ ಮೃತಪಟ್ಟರು. ಅವರಲ್ಲಿ ಹೆಚ್ಚಿನವರ ಪ್ರಾಣ ಹೋದದ್ದು ಹೊಗೆಯಿಂದ ಉಸಿರುಗಟ್ಟಿ. ಮನೆಗಳಿಗೂ ಈ ಪಾಠ ಅನ್ವಯಿಸುತ್ತದೆ. ಮೆಟ್ಟಿಲು ಮತ್ತು ಪಡಸಾಲೆಯಲ್ಲಿ ಸೈಕಲ್, ಹಳೆಯ ಸಾಮಾನುಗಳನ್ನು ಇಡಬಾರದು. ಕಿಟಕಿಗಳಿಗೆಲ್ಲ ಕಬ್ಬಿಣದ ಜಾಲರಿ ಹಾಕಿದ್ದರೆ, ಒಂದಕ್ಕಾದರೂ ಒಳಗಿನಿಂದ ತೆರೆಯಬಹುದಾದ ಬಾಗಿಲಿರಲಿ. ಹೊಗೆ ಮೇಲಕ್ಕೇರುವುದರಿಂದ ನೆಲಕ್ಕೆ ಬಾಗಿ, ತೆವಳಿ ಹೊರಬರಬೇಕು. ಲಿಫ್ಟನ್ನು ಬಳಸಬಾರದು. ಹೊರಬಂದೊಡನೆ 101 ಅಥವಾ 112 ಸಂಖ್ಯೆಗೆ ಕರೆ ಮಾಡಿ, ವಿಳಾಸವನ್ನು ಸ್ಪಷ್ಟವಾಗಿ ಹೇಳಬೇಕು.

ಬೀಗ ಹಾಕುವ ಮುನ್ನ

1. ದೇವರ ದೀಪ ಮತ್ತು ಊದುಬತ್ತಿ ಪೂರ್ಣವಾಗಿ ಆರಿವೆಯೇ ಎಂದು ನೋಡಿರಿ.
2. ಅನಿಲದ ರೆಗ್ಯುಲೇಟರನ್ನು ಮುಚ್ಚಿರಿ; ಒಲೆಯ ಗುಂಡಿಯನ್ನಷ್ಟೇ ತಿರುಗಿಸಿದರೆ ಸಾಲದು.
3. ಫ್ರಿಜ್ಜನ್ನು ಬರಿದುಮಾಡಿ ಮೇನ್ ಸ್ವಿಚ್ಚನ್ನು ಆರಿಸಿರಿ.
4. ಬಾಲ್ಕನಿಯಲ್ಲಿರುವ ರದ್ದಿ ಕಾಗದ ಮತ್ತು ಒಣ ಬಟ್ಟೆಗಳನ್ನು ತೆಗೆಯಿರಿ. ಹಾರಿಬಂದ ಪಟಾಕಿಯ ಒಂದು ಕಿಡಿ ಅವುಗಳಿಗೆ ಸಾಕು.
5. ಒಂದು ಬೀಗದ ಕೈಯನ್ನೂ ನಿಮ್ಮ ದೂರವಾಣಿ ಸಂಖ್ಯೆಯನ್ನೂ ನಂಬಿಕೆಯ ನೆರೆಯವರಿಗೆ ಕೊಡಿರಿ.

ಈ ಐದು ಕೆಲಸಗಳಿಗೆ ಕಾಲು ಗಂಟೆಯೂ ಬೇಡ. ಊರಿಗೆ ಹೋದವರ ಮನೆ ಮಾತ್ರವಲ್ಲದೆ, ಗೋಡೆಯಾಚೆ ಮಲಗಿರುವ ನೆರೆಯವರ ಮಕ್ಕಳ ಪ್ರಾಣವೂ ಇದರಿಂದ ಸುರಕ್ಷಿತವಾಗಿರುತ್ತದೆ ಎಂಬುದನ್ನು ಪ್ರತಿಯೊಬ್ಬರೂ ನೆನಪಿನಲ್ಲಿಡಬೇಕು.