ಮೊದಲು ಮನೆ ಹುಡುಕಿ, ಆಮೇಲೆ ಮೀನು

ಲೆಂಬೆ ಜಲಸಂಧಿಯಲ್ಲಿ ಮೊದಲ ಸಲ ನೀರಿಗಿಳಿದವರಿಗೆ ದುಡ್ಡು ದಂಡವಾಯಿತೇನೋ ಅನ್ನಿಸುವುದುಂಟು. ಇಂಡೊನೇಷ್ಯಾದ ಸುಲವೇಸಿ ದ್ವೀಪದ ಈಶಾನ್ಯ ತುದಿಯಲ್ಲಿ, ಬಿಟುಂಗ್ ಬಂದರಿನ ಎದುರಿಗೇ ಇರುವ ಕಿರಿದಾದ ಕಡಲು ಇದು. ಬಣ್ಣಬಣ್ಣದ ಹವಳ ಸಿಗುವುದು ಅಲ್ಲಲ್ಲಿ ಮಾತ್ರ. ಉಳಿದೆಡೆ ಜ್ವಾಲಾಮುಖಿಯ ಕಪ್ಪು ಮರಳು, ಅದರ ಮೇಲೆ ಬಾಟಲಿ, ಹಳೇ ಟಯರು, ಹಗ್ಗದ ತುಂಡು. ಕಸ ನೋಡಲು ಇಷ್ಟು ದೂರ ಬರಬೇಕಿತ್ತೇ ಎಂದುಕೊಳ್ಳುವಷ್ಟರಲ್ಲಿ ಗೈಡು ಒಂದು ಬಾಟಲಿಯ ಬಾಯಿಗೆ ಟಾರ್ಚು ಬಿಡುತ್ತಾನೆ. ಒಳಗೆ ಬೆರಳಿನ ಗೆಣ್ಣಿನಷ್ಟಿರುವ ಹಳದಿ ಗೋಬಿ ಮೀನು ಸಂಸಾರ ಹೂಡಿರುತ್ತದೆ.

ನಾನು ಡೈವಿಂಗ್ ಕಲಿತದ್ದು ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿಯಲ್ಲಿ. ಅಲ್ಲಿ ಕಣ್ಣು ಸದಾ ದೂರಕ್ಕೇ ನೆಟ್ಟಿರುತ್ತಿತ್ತು: ಆಮೆ ಬಂತೇ, ಬರಾಕುಡಾ ಹಿಂಡು ಬಂತೇ ಎಂದು. ಲೆಂಬೆಯಲ್ಲಿ ನೋಡಬೇಕಾದದ್ದೆಲ್ಲ ಮೂಗಿನಿಂದ ಒಂದು ಮೊಳದೊಳಗೇ ಇರುತ್ತದೆ.

ಅದಕ್ಕೆ ಚುರುಕು ಕಣ್ಣು ಬೇಕು ಅನ್ನುತ್ತಾರೆ. ನನ್ನ ಪ್ರಕಾರ ಕಣ್ಣಿಗಿಂತ ಹೆಚ್ಚಾಗಿ ಬೇಕಾದದ್ದು ವಿಳಾಸ. ಎರಡು ಸೆಂಟಿಮೀಟರ್ ಕೂಡ ಇಲ್ಲದ ಪಿಗ್ಮಿ ಕಡಲ್ಗುದುರೆಯನ್ನೇ ತಗೊಳ್ಳಿ. ಅದು ಬದುಕುವುದು ಬೀಸಣಿಗೆಯಂತೆ ಹರಡಿದ ಮೃದು ಹವಳದ ಮೇಲೆ. ಮೈಮೇಲಿನ ಗಂಟುಗಳು ಹವಳದ ಮೊಗ್ಗುಗಳದೇ ಬಣ್ಣ, ಅವುಗಳದೇ ಆಕಾರ. ಅದು ಲೋಕಕ್ಕೆ ಗೊತ್ತಾದದ್ದೂ ಮನೆಯ ಮೂಲಕವೇ. 1969ರಲ್ಲಿ ನ್ಯೂ ಕ್ಯಾಲಿಡೋನಿಯಾದಲ್ಲಿ ಜಾರ್ಜ್ ಬಾರ್ಜಿಬಾಂ ಎಂಬವರು ಅಕ್ವೇರಿಯಂಗೆಂದು ಹವಳ ತಂದು ಪರೀಕ್ಷಿಸುವಾಗ ಕುದುರೆ ಕಣ್ಣಿಗೆ ಬಿತ್ತು. ನಮ್ಮ ಗೈಡು ಕೂಡ ಕುದುರೆ ಹುಡುಕುತ್ತಿರಲಿಲ್ಲ, ಬೀಸಣಿಗೆ ಹುಡುಕುತ್ತಿದ್ದ. ಚಿಪ್ಪಿಲ್ಲದ ಕಡಲ ಬಸವನಹುಳುಗಳೂ ಹಾಗೆಯೇ. ಯಾವ ಜಾತಿ ಯಾವ ಸ್ಪಂಜು ತಿನ್ನುತ್ತದೆಂದು ತಿಳಿದವನಿಗೆ ಅರ್ಧ ಹುಡುಕಾಟ ದೋಣಿಯಲ್ಲೇ ಮುಗಿದಿರುತ್ತದೆ.

ಇನ್ನರ್ಧ ಉಸಿರಿನ ಕೆಲಸ. ಇಪ್ಪತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಮೂರು ಪಟ್ಟು, ಟ್ಯಾಂಕಿನ ಗಾಳಿಯೂ ಅಷ್ಟೇ ಬೇಗ ಖರ್ಚಾಗುತ್ತದೆ. ಉಸಿರೆಳೆದರೆ ಮೈ ತುಸು ಏಳುತ್ತದೆ, ಬಿಟ್ಟರೆ ಇಳಿಯುತ್ತದೆ. ಈ ಏರಿಳಿತವನ್ನು ಹತೋಟಿಗೆ ತಂದುಕೊಂಡು ಮರಳಿಗೆ ಒಂದು ಗೇಣು ಮೇಲೆ ನಿಲ್ಲಲು ಬಂದರೆ ಕೈಕಾಲು ಆಡಿಸುವ ಅಗತ್ಯವೇ ಇಲ್ಲ. ಫಿನ್ನಿನ ಒಂದೇ ಏಟಿಗೆ ಧೂಳೆದ್ದರೆ ಹಿಂದೆ ಬರುವವರ ಪಾಲಿಗೆ ಅಲ್ಲಿಗೆ ಎಲ್ಲ ಮುಗಿಯಿತು. ದುಬಾರಿ ಕ್ಯಾಮೆರಾ ಕೊಳ್ಳುವ ಮುಂಚೆ ಇದನ್ನು ಕಲಿಯಿರಿ ಅಂದರೆ ನಮ್ಮವರು ಯಾರೂ ಕೇಳುವುದಿಲ್ಲ, ಆ ಮಾತು ಬೇರೆ.

ಹಾಗೆ ನಿಲ್ಲಲು ಬಂದ ಮೇಲೆ ನನಗೆ ತುಂಬ ಹಿಡಿಸಿದ್ದು ಅಪರೂಪದ ಯಾವ ಪ್ರಾಣಿಯೂ ಅಲ್ಲ, ಮರಳಿನಲ್ಲಿ ಎಲ್ಲೆಂದರಲ್ಲಿ ಸಿಗುವ ಒಂದು ಬಿಲ. ಬಿಲ ತೋಡುವುದು ಪಿಸ್ತೂಲು ಸಿಗಡಿ. ಅದಕ್ಕೆ ಕಣ್ಣು ಸರಿಯಾಗಿ ಕಾಣದು. ಬಾಗಿಲಲ್ಲಿ ಕಾವಲಿಗೆ ಒಂದು ಗೋಬಿ ಮೀನು. ಸಿಗಡಿ ಬುಲ್ಡೋಜರಿನ ಹಾಗೆ ಮರಳು ತಳ್ಳಿಕೊಂಡು ಹೊರಬರುತ್ತದೆ, ಸುರಿದು ಒಳಹೋಗುತ್ತದೆ, ಮತ್ತೆ ಬರುತ್ತದೆ. ಹೊರಗಿದ್ದಷ್ಟು ಹೊತ್ತೂ ಅದರ ಮೀಸೆ ಮೀನಿನ ಮೈಗೆ ತಾಗಿಕೊಂಡೇ ಇರುತ್ತದೆ. ನಾನು ತುಸು ಹತ್ತಿರ ಸರಿದೆ. ಮೀನು ಬಾಲ ಅದುರಿಸಿತು, ಸಿಗಡಿ ಮಾಯ. ಇನ್ನೂ ಸರಿದೆ, ಮೀನೂ ತಲೆ ಮುಂದಾಗಿ ಒಳಕ್ಕೆ. ಮೆಲ್ಲಗೆ ಉಸಿರಾಡುತ್ತ ಕಾದರೆ ಮೊದಲು ಮೀನಿನ ಮೂತಿ, ಅದರ ಹಿಂದೆ ಮೀಸೆ, ಆಮೇಲೆ ಮರಳಿನ ಹೊರೆ. ಜೊತೆಯವರು ಆಗಲೇ ಮುಂದೆ ಹೋಗಿಬಿಟ್ಟಿದ್ದರು.

ತೆಂಗಿನ ಗೆರಟೆ ಹೊತ್ತು ತಿರುಗುವ ಆಕ್ಟೋಪಸ್ ಕೂಡ ಈ ಭಾಗದ್ದೇ. ಎರಡು ಹೋಳುಗಳನ್ನು ಮುಚ್ಚಿಕೊಂಡು ಒಳಗೆ ಅಡಗುತ್ತದೆ. ಇದನ್ನು ಉಪಕರಣ ಬಳಕೆಯೆಂದೇ ವಿಜ್ಞಾನಿಗಳು 2009ರಲ್ಲಿ ವರದಿ ಮಾಡಿದರು. ಕರಾವಳಿಯವನಾದ ನನಗೆ ಗೆರಟೆಗೆ ಇಷ್ಟು ಮರ್ಯಾದೆ ಸಿಕ್ಕಿದ್ದು ನೋಡಿ ಖುಷಿಯಾಯಿತು.

ಒಂದು ಸಂಗತಿ ಮಾತ್ರ ಸಹಿಸಲಾಗಲಿಲ್ಲ. ಫೋಟೋಗೆ ಚೆನ್ನಾಗಿ ನಿಲ್ಲಲಿ ಎಂದು ಕೆಲವರು ಪ್ರಾಣಿಯನ್ನು ಕಡ್ಡಿಯಿಂದ ತಿವಿಸುತ್ತಾರೆ. ಭಕ್ಷೀಸಿನ ಆಸೆಗೆ ಗೈಡು ತಿವಿದರೂ ತಪ್ಪಿನ ದೊಡ್ಡ ಪಾಲು ಕೇಳಿದವರದೇ. ನೀಲಿ ಉಂಗುರದ ಆಕ್ಟೋಪಸ್ಸಿನ ಉಂಗುರಗಳು ಝಗ್ಗೆಂದು ಹೊಳೆಯುವುದು ಅದು ಬೆದರಿದಾಗ. ಅದರ ವಿಷಕ್ಕೆ ಮದ್ದಿಲ್ಲ. ಪಿಗ್ಮಿ ಕುದುರೆ ಬೆಳಕಿಗೆ ಬೆನ್ನು ತಿರುಗಿಸಿತೆಂದರೆ ಅದಕ್ಕೆ ಸಾಕಾಗಿದೆ ಎಂದರ್ಥ. ನಾನು ಮೊದಲೇ ಗೈಡಿಗೆ ಹೇಳಿಬಿಡುತ್ತೇನೆ: ಫೋಟೋ ಸಿಗದಿದ್ದರೂ ಭಕ್ಷೀಸು ಅಷ್ಟೇ, ಮುಟ್ಟಬೇಡಪ್ಪ. ಇದು ಕೆಲಸ ಮಾಡುತ್ತದೆ.

ಮರಳುವ ವಿಮಾನಕ್ಕೆ ಹದಿನೆಂಟು ಗಂಟೆ ಮುಂಚೆಯೇ ಡೈವ್ ನಿಲ್ಲಿಸಬೇಕು. ರಕ್ತದಲ್ಲಿ ಕರಗಿದ ಸಾರಜನಕ ಹೊರಹೋಗಲು ಅಷ್ಟು ಹೊತ್ತು ಬೇಕು. ಆ ದಿನವನ್ನು ರೂಮಿನಲ್ಲಿ ಕಳೆಯಬೇಡಿ. ಹತ್ತಿರದಲ್ಲೇ ತಂಗ್‌ಕೋಕೊ ಕಾಡಿದೆ, ಅಲ್ಲಿ ಮುಷ್ಟಿ ಗಾತ್ರದ ಪ್ರಾಣಿಗಳಾದ ತಾರ್ಸಿಯರ್‌ಗಳು ಹಗಲೆಲ್ಲ ಮರದ ಪೊಟರೆಯಲ್ಲಿ ಮಲಗಿ ಮುಸ್ಸಂಜೆಗೆ ಹೊರಬೀಳುತ್ತವೆ. ಕಾಡಿನ ಗೈಡಿಗೂ ಮರ ಗೊತ್ತಿರುತ್ತದೆ. ಉದ್ದ ಪ್ಯಾಂಟು ಹಾಕಿಕೊಳ್ಳಿ, ಸೊಳ್ಳೆ ಮುಲಾಮು ಇರಲಿ.