ಸೀಟು ಕಾಣುವ ಮೊದಲೇ ಸಹಿ ಹಾಕಬೇಕೆ?

ಪ್ರಶ್ನೆ: ಮಗ ದ್ವಿತೀಯ ಪಿಯುಸಿ ವಿಜ್ಞಾನ. ಡಿಗ್ರಿಗೆ ಅಮೆರಿಕಕ್ಕೇ ಹೋಗಬೇಕೆಂದು ಹಟ ಹಿಡಿದಿದ್ದಾನೆ. ‘ಅರ್ಲಿ ಡಿಸಿಷನ್ ಹಾಕಿಬಿಡಿ, ಸೀಟು ಸುಲಭವಾಗಿ ಸಿಗುತ್ತದೆ’ ಎನ್ನುತ್ತಾರೆ ಕನ್ಸಲ್ಟೆಂಟ್. ಅದಕ್ಕೆ ನಾನೂ ಸಹಿ ಮಾಡಬೇಕಂತೆ. ಸ್ಕಾಲರ್‌ಶಿಪ್ ಇಲ್ಲದೆ ಓದಿಸುವ ಶಕ್ತಿ ನಮಗಿಲ್ಲ. ಸಹಿ ಮಾಡಲೇ?
— ಒಬ್ಬ ತಾಯಿ, ಮೈಸೂರು

ಉತ್ತರ: ಸ್ಕಾಲರ್‌ಶಿಪ್ ಇಲ್ಲದೆ ಆಗದು ಎಂದಿದ್ದೀರಲ್ಲ, ಹಾಗಿದ್ದರೆ ಸದ್ಯಕ್ಕೆ ಬೇಡಮ್ಮ.

ಅರ್ಲಿ ಡಿಸಿಷನ್ (ಚಿಕ್ಕದಾಗಿ ಇಡಿ) ಎಂದರೆ ಒಂದೇ ಒಂದು ಕಾಲೇಜಿಗೆ ‘ನೀವು ಸೀಟು ಕೊಟ್ಟರೆ ಬಂದೇ ಬರುತ್ತೇನೆ, ಉಳಿದ ಅರ್ಜಿಗಳನ್ನೆಲ್ಲ ವಾಪಸು ಪಡೆಯುತ್ತೇನೆ’ ಎಂದು ಮೊದಲೇ ಬರೆದುಕೊಡುವುದು. ವಿದ್ಯಾರ್ಥಿ, ಪೋಷಕರು, ಅವನು ಓದುವ ಕಾಲೇಜಿನ ಕೌನ್ಸೆಲರ್, ಮೂವರೂ ಸಹಿ ಹಾಕುತ್ತಾರೆ. ಕೊನೆಯ ದಿನ ಸಾಮಾನ್ಯವಾಗಿ ನವೆಂಬರ್ 1 ಅಥವಾ 15. ಫಲಿತಾಂಶ ಡಿಸೆಂಬರ್ ಮಧ್ಯಕ್ಕೆ ಬರುತ್ತದೆ. ಸಿಇಟಿಯಲ್ಲಿ ಕೆಇಎ ಸೀಟು ಹಂಚಿದ ಮೇಲೆ ‘ಛಾಯ್ಸ್ 1’ ಒತ್ತಿ ಸೇರಿಬಿಡುತ್ತೇವಲ್ಲ, ಅದನ್ನೇ ಇಲ್ಲಿ ಸೀಟು, ಫೀಸು ಎರಡೂ ಕಣ್ಣಿಗೆ ಬೀಳುವ ಮೊದಲು ಒತ್ತಿದ ಹಾಗೆ.

ಕಾಲೇಜು ಕೊಡುವ ನೆರವು ನಿಜಕ್ಕೂ ಸಾಲದಿದ್ದರೆ ಒಪ್ಪಂದದಿಂದ ಬಿಡಿಸಿಕೊಳ್ಳಲು ಅವಕಾಶ ಇದೆ. ಅದಕ್ಕಾಗಿ ಯಾರೂ ಕೋರ್ಟಿಗೆ ಎಳೆಯುವುದಿಲ್ಲ. ಆದರೆ ಅದನ್ನೇ ನೆಚ್ಚಿಕೊಂಡು ಸಹಿ ಹಾಕಬೇಡಿ. ನಿಮ್ಮ ನಿಜವಾದ ತೊಡಕು ಬೇರೆ ಕಡೆ ಇದೆ. ವಿದೇಶಿ ವಿದ್ಯಾರ್ಥಿಗಳ ವಿಷಯದಲ್ಲಿ ಹೆಚ್ಚಿನ ಕಾಲೇಜುಗಳು ‘ನೀಡ್ ಅವೇರ್’: ಹುಡುಗ ನೆರವು ಕೇಳಿದ್ದಾನೆ ಎಂಬುದನ್ನೂ ಆಯ್ಕೆಯ ಹೊತ್ತಿನಲ್ಲಿ ತೂಗಿನೋಡುತ್ತವೆ. ಹಾಗೆಂದು ಈಗ ಬೇಡ ಎಂದು ಬರೆದು, ಸೇರಿದ ಮೇಲೆ ಕೇಳೋಣ ಎಂದರೆ ಅನೇಕ ಕಾಲೇಜುಗಳು ನಾಲ್ಕು ವರ್ಷವೂ ಕೊಡುವುದಿಲ್ಲ. ದೊಡ್ಡ ಖಾಸಗಿ ಕಾಲೇಜುಗಳಲ್ಲಿ ಫೀಸು, ಊಟ, ವಸತಿ ಸೇರಿ ವರ್ಷಕ್ಕೆ 90 ಸಾವಿರ ಡಾಲರ್ ಆಸುಪಾಸು ಎಂಬುದು ನೆನಪಿರಲಿ. ಹಣದ ಮಾತೆತ್ತದೆ ಎಲ್ಲ ದೇಶದವರನ್ನೂ ಆರಿಸುವ ‘ನೀಡ್ ಬ್ಲೈಂಡ್’ ಕಾಲೇಜುಗಳು ಬೆರಳೆಣಿಕೆಯಷ್ಟು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್ ಆ ಸಾಲಿನವು. ಈ ಐದರಲ್ಲಿ ಇಡಿ ಇರುವುದು ಆಮ್‌ಹರ್ಸ್ಟ್‌ನಲ್ಲಿ ಮಾತ್ರ!

ಇನ್ನು ‘ಸುಲಭವಾಗಿ ಸಿಗುತ್ತದೆ’ ಎಂಬ ಮಾತು. ಇಡಿಯಲ್ಲಿ ಆಯ್ಕೆಯ ಶೇಕಡಾವಾರು ಹೆಚ್ಚಿರುವುದು ಹೌದು. ಆದರೆ ಕೋಚ್‌ಗಳು ಮೊದಲೇ ಗುರುತಿಸಿಟ್ಟ ಆಟಗಾರರು, ಅಲ್ಲೇ ಓದಿದವರ ಮಕ್ಕಳು ಆ ಗುಂಪಿನಲ್ಲಿ ತುಂಬಿರುತ್ತಾರೆ. ಆ ಅನುಕೂಲವೆಲ್ಲ ನಿಮ್ಮ ಮಗನಿಗೆ ದಕ್ಕುವುದಿಲ್ಲ. ಬಂದೇ ಬರುವವರು ಎಷ್ಟು ಜನ ಎಂದು ಡಿಸೆಂಬರಿನಲ್ಲೇ ಗೊತ್ತಾಗಿಬಿಟ್ಟರೆ ಕಾಲೇಜಿಗೆ ನಿಶ್ಚಿಂತೆ, ಅದಕ್ಕೇ ಅವರಿಗೆ ಇಡಿ ಇಷ್ಟ. ನಾಲ್ಕು ಕಡೆಯ ನೆರವಿನ ಪತ್ರ ಪಕ್ಕಪಕ್ಕ ಇಟ್ಟು ನೋಡಿ ನಿರ್ಧರಿಸಬೇಕಾದ ಮನೆಯವರಿಗೆ ಅದು ಹೇಳಿದ್ದಲ್ಲ.

ಪ್ರಶ್ನೆ: ಹಾಗಾದರೆ ಅರ್ಲಿ ಆ್ಯಕ್ಷನ್ ಬೇರೆಯೇ? ಎಷ್ಟು ಕಡೆ ಹಾಕಬಹುದು ಸರ್?
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ಪೂರ್ತಿ ಬೇರೆ. ಅರ್ಜಿಯೂ ಉತ್ತರವೂ ಬೇಗ, ಕಟ್ಟುಪಾಡು ಇಲ್ಲ. ಮೇ 1ರ ತನಕ ಯೋಚಿಸಿ ಹೇಳಬಹುದು. ಪರ್ಡ್ಯೂ, ಇಲಿನಾಯ್‌ನ ಅರ್ಬಾನಾ-ಶಾಂಪೇನ್‌ನಂಥ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಒಟ್ಟೊಟ್ಟಿಗೇ ಹಾಕು, ತೊಂದರೆಯಿಲ್ಲ. ಎಚ್ಚರ ಬೇಕಾದ್ದು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್‌ಗಳಲ್ಲಿ. ಅವು ಸೇರಲೇಬೇಕೆಂದು ಕಟ್ಟಿಹಾಕುವುದಿಲ್ಲ, ಆದರೆ ಅಮೆರಿಕದ ಬೇರೆ ಖಾಸಗಿ ಕಾಲೇಜಿಗೆ ಅರ್ಲಿ ಅರ್ಜಿ ಹಾಕಕೂಡದು ಎನ್ನುತ್ತವೆ. ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಸಾಮಾನ್ಯವಾಗಿ ವಿನಾಯಿತಿ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ (ಬರ್ಕ್ಲಿ, ಲಾಸ್ ಏಂಜಲೀಸ್ ಎಲ್ಲ ಅದರೊಳಗೇ) ಅರ್ಲಿ ಎಂಬುದೇ ಇಲ್ಲ. ಅದರದೇ ಅರ್ಜಿ, ನವೆಂಬರ್ ಕೊನೆಗೆ ಮುಗಿಯುತ್ತದೆ. ಎಸ್‌ಎಟಿ ಅಂಕ ಕಳಿಸಿದರೂ ಆಯ್ಕೆಗೆ ನೋಡುವುದಿಲ್ಲ.

ಪ್ರಶ್ನೆ: ಮಗಳು ಇಡಿ ಹಾಕಿದ್ದಳು, ‘ಡಿಫರ್ಡ್’ ಎಂದು ಬಂದಿದೆ. ವೇಟ್‌ಲಿಸ್ಟ್ ಅಂದರೂ ಇದೇ ತಾನೆ? ಹಬ್ಬಕ್ಕೆ ಸೇರಿದ ಕನ್ನಡ ಕೂಟದಲ್ಲಿ ತಲೆಗೊಬ್ಬರು ಒಂದೊಂದು ಹೇಳಿದರು.
— ಒಬ್ಬ ತಂದೆ, ನ್ಯೂಜೆರ್ಸಿ

ಉತ್ತರ: ಎರಡೂ ಬೇರೆ. ಡಿಫರ್ ಎಂದರೆ ಅವಳ ಅರ್ಜಿ ಜನವರಿಯ ರೆಗ್ಯುಲರ್ ಅರ್ಜಿಗಳ ಜೊತೆ ಮತ್ತೊಮ್ಮೆ ಪರಿಶೀಲನೆಗೆ ಹೋಯಿತು ಅಂತ. ಮಾರ್ಚ್ ಕೊನೆಯ ಹೊತ್ತಿಗೆ ತೀರ್ಮಾನ. ನೀವು ಬರೆದುಕೊಟ್ಟ ಒಪ್ಪಂದ ಅಲ್ಲಿಗೆ ಬಿದ್ದುಹೋಯಿತು, ಮುಂದೆ ಅಲ್ಲೇ ಸೀಟು ಸಿಕ್ಕರೂ ಸೇರಲೇಬೇಕೆಂದಿಲ್ಲ. ಬೇಕಿದ್ದರೆ ಇನ್ನೊಂದು ಕಡೆ ಇಡಿ-2 (ಇಡಿಯ ಎರಡನೇ ಸುತ್ತು) ಹಾಕಬಹುದು, ಗಡುವು ಜನವರಿ ಮೊದಲ ವಾರಗಳಲ್ಲಿ. ಕಾಲೇಜು ಬೇಡ ಎನ್ನದಿದ್ದರೆ, ಈಗಲೂ ಆಸಕ್ತಿ ಇದೆ ಎಂಬ ಒಂದು ಪುಟದ ಪತ್ರ ಹೋಗಲಿ. ಅದನ್ನು ಮಗಳೇ ಬರೆಯಲಿ. ಅಪ್ಪಂದಿರ ಇಂಗ್ಲಿಷು ಅವರಿಗೆ ಗೊತ್ತಾಗುತ್ತದೆ.

ವೇಟ್‌ಲಿಸ್ಟ್ ಬರುವುದು ಎಲ್ಲ ಫಲಿತಾಂಶ ಹೊರಬಿದ್ದ ಮೇಲೆ. ಆಗ ಮೇ 1ರೊಳಗೆ ಬೇರೊಂದು ಕಡೆ ಡಿಪಾಸಿಟ್ ಕಟ್ಟಿ ಸೀಟು ಭದ್ರ ಮಾಡಿಕೊಂಡೇ ಕಾಯಬೇಕು. ಅಲ್ಲಿ ಸಾಮಾನ್ಯವಾಗಿ ಕ್ರಮಸಂಖ್ಯೆ ಇರುವುದಿಲ್ಲ, ‘ನಮ್ಮ ನಂಬರು ಯಾವಾಗ’ ಎಂದು ಕೇಳಿ ಫಲವಿಲ್ಲ.

ಪ್ರಶ್ನೆ: ನಮ್ಮ ಪಿಯು ಕಾಲೇಜಿನಲ್ಲಿ ಕೌನ್ಸೆಲರ್ ಹುದ್ದೆಯೇ ಇಲ್ಲ. ವಿದ್ಯಾರ್ಥಿಯೊಬ್ಬ ಕಾಮನ್ ಆ್ಯಪ್‌ನಲ್ಲಿ ನನ್ನ ಹೆಸರು ಹಾಕಿದ್ದಾನೆ. ನಾನೇನು ಮಾಡಬೇಕು?
— ಉಪನ್ಯಾಸಕರು, ಶಿವಮೊಗ್ಗ

ಉತ್ತರ: ಪ್ರಾಂಶುಪಾಲರಾಗಲಿ, ಅವರು ಒಪ್ಪಿದರೆ ನೀವಾಗಲಿ ಆ ಜಾಗದಲ್ಲಿ ನಿಲ್ಲಬಹುದು, ಸಂಬಂಧಿಕರಾಗಿರಬಾರದು ಅಷ್ಟೆ. ಹಲವು ಕಾಲೇಜುಗಳಿಗೆ ಒಂದೇ ಅರ್ಜಿ ಹಾಕುವ ತಾಣವಾದ ಕಾಮನ್ ಆ್ಯಪ್‌ನಿಂದ ನಿಮ್ಮ ಮಿಂಚಂಚೆಗೆ ಲಿಂಕ್ ಬರುತ್ತದೆ. ಅದರಲ್ಲಿ ಒಂಬತ್ತನೇ ತರಗತಿಯಿಂದ ಈಚಿನ ಅಂಕಪಟ್ಟಿಗಳನ್ನೂ ಕಾಲೇಜನ್ನು ಪರಿಚಯಿಸುವ ‘ಸ್ಕೂಲ್ ಪ್ರೊಫೈಲ್’ ಎಂಬ ಒಂದು ಪುಟವನ್ನೂ ಸೇರಿಸಿ. ಈ ಪುಟವನ್ನು ಉದಾಸೀನ ಮಾಡಬೇಡಿ. ಪಿಯುಸಿಯಲ್ಲಿ ಶೇ 85 ಎಂದರೆ ಏನರ್ಥ, ನಿಮ್ಮಲ್ಲಿ ಎಷ್ಟು ಜನ ಅಲ್ಲಿಗೆ ಮುಟ್ಟುತ್ತಾರೆ, ಯಾವ ವಿಷಯಗಳನ್ನು ಕಲಿಸುತ್ತೀರಿ ಎಂಬುದನ್ನು ನೀವು ಬರೆಯದಿದ್ದರೆ ಅಲ್ಲಿನವರಿಗೆ ತಿಳಿಯುವ ದಾರಿಯಿಲ್ಲ.

ನಿರೀಕ್ಷಿತ ಅಂಕ ಕೇಳಿದರೆ ಉದಾರತೆ ಬೇಡ. ಮಧ್ಯವಾರ್ಷಿಕ ಪರೀಕ್ಷೆಯ ಅಂಕ ಜನವರಿ-ಫೆಬ್ರವರಿಯಲ್ಲಿ, ಬೋರ್ಡ್ ಫಲಿತಾಂಶ ಬೇಸಿಗೆಯಲ್ಲಿ ಹೇಗೂ ನಿಮ್ಮ ಕೈಯಿಂದಲೇ ಹೋಗಬೇಕು. ಅಂತರ ತೀರ ದೊಡ್ಡದಾದರೆ ಕೊಟ್ಟ ಸೀಟನ್ನೂ ಕಾಲೇಜು ಹಿಂತೆಗೆದುಕೊಳ್ಳಬಹುದು. ಮತ್ತೆ, ಹುಡುಗನೇ ಬರೆದು ತಂದ ಶಿಫಾರಸು ಪತ್ರಕ್ಕೆ ಸಹಿ ಹಾಕುವ ಪದ್ಧತಿ ನಿಮ್ಮಲ್ಲಿದ್ದರೆ, ಇದೊಂದಕ್ಕಾದರೂ ಬಿಡಿ. ಲ್ಯಾಬಿನಲ್ಲಿ ಅವನು ಕೇಳಿದ ಒಂದು ಒಳ್ಳೆಯ ಪ್ರಶ್ನೆ ನಿಮಗೆ ನೆನಪಿದ್ದರೆ ಅದನ್ನೇ ನಿಮ್ಮ ಮಾತಿನಲ್ಲಿ ಬರೆಯಿರಿ, ಒಂದು ಪುಟ ಸಾಕು.